ನೀರಿನ ಬಳಿಯ ಬಿಡಾರ

(ಕುಟುಂಬ ಶಿಬಿರಕ್ಕೆ ಹೊರಡುವ ಮುನ್ನಾದಿನ ಸಂಜೆಯ ಕೂಟದಲ್ಲಿ ಮಾಡಿದ ಭಾಷಣ)



ಎಲೆ ತೂಕ ಮುಗಿಸಿ ದಣಿದ ಮೈಯಲ್ಲೇ ಬಂದು ಕೂತಿದ್ದೀರಿ. ಆದ್ದರಿಂದ ಮಾತನ್ನು ಬೆಳೆಸುವುದಿಲ್ಲ. ನಾಳೆ ನಾವು ಹೊಳೆಬದಿಯ ಮೈದಾನದಲ್ಲಿ ಡೇರೆ ಹಾಕಲು ಹೊರಡುತ್ತೇವೆ. ಮೇ ತಿಂಗಳ ರಜೆ. ನಮ್ಮಂಥ ಬೇರೆ ಕೂಟಗಳು, ಶಾಲೆಯ ಮಕ್ಕಳು, ಪಟ್ಟಣದ ಪ್ರವಾಸಿಗರು ಎಲ್ಲರೂ ಅಲ್ಲಿರುತ್ತಾರೆ. ಒಂದು ಡೇರೆಯ ಹಗ್ಗ ಇನ್ನೊಂದರ ಗೂಟಕ್ಕೆ ತಾಗುವಷ್ಟು ಜನಸಂದಣಿ.

ವಿಮೋಚನಕಾಂಡದ 15ನೆಯ ಅಧ್ಯಾಯದಲ್ಲಿ ಇಂಥದೇ ಒಂದು ಬಿಡಾರವಿದೆ. ಐಗುಪ್ತದಲ್ಲಿ ಇಟ್ಟಿಗೆ ಮಾಡಿ ಬೆನ್ನು ಬಾಗಿದ್ದ ಜನರು, ಮಾರಾದ ಕಹಿ ನೀರನ್ನು ದಾಟಿ ಏಲೀಮಿಗೆ ಬಂದರು. ಅಲ್ಲಿ 12 ಒರತೆಗಳು, 70 ಖರ್ಜೂರದ ಮರಗಳು. ನೀರಿನ ಬಳಿಯಲ್ಲೇ ಇಳಿದುಕೊಂಡರು. ಒರತೆಯ ಪಕ್ಕದಲ್ಲಿ ಯಾರು ಮಲಗಿದರು, ದೂರದಲ್ಲಿ ಯಾರು ಮಲಗಿದರು ಎಂಬುದನ್ನು ಅಲ್ಲಿ ಬರೆದಿಲ್ಲ. ಆದರೆ ಹೋದ ವರ್ಷ ನಮ್ಮ ಬಿಡಾರದಲ್ಲಿ ಯಾರು ಎಲ್ಲಿ ಮಲಗಿದರೆಂದು ನನಗೆ ಗೊತ್ತು. ಅದನ್ನು ಇಂದು ನಿಮ್ಮೆಲ್ಲರ ಮುಂದೆ ಹೇಳಲೇಬೇಕು.

ಜಾಗ ಹಂಚುವ ಕೆಲಸ ನನ್ನದಾಗಿತ್ತು. ಮೊದಲ ಗಾಡಿಯಲ್ಲಿ ಹೋದ ನಾನು ಮೇಲಿನ ಗಟ್ಟಿ ನೆಲವನ್ನು ನನ್ನ ಮನೆಯವರಿಗೂ ಸಂಘದ ಕಮಿಟಿಯವರಿಗೂ ಇಟ್ಟುಕೊಂಡೆ. ಹಂಗಾಮಿ ಕೆಲಸದ ಹೆಣ್ಣುಮಕ್ಕಳು ದಿನದ ಕೆಲಸ ಬಿಡಲಾರದೆ ಕೊನೆಯ ಗಾಡಿಯಲ್ಲಿ ಕತ್ತಲಾದ ಮೇಲೆ ಬಂದರು. ಉಳಿದದ್ದು ನೀರಿನಂಚಿನ ಮರಳು ಮಾತ್ರ. “ಅಲ್ಲೇ ಹಾಕಿಕೊಳ್ಳಿ ಅಕ್ಕಾ, ಪಾತ್ರೆ ತೊಳೆಯೋಕೆ ನೀರು ಹತ್ತಿರ” ಎಂದೆ. ಹಾಗೆ ಹೇಳಿ ಹೋಗಿ ಮಲಗಿದೆ.

ನಮ್ಮಲ್ಲಿ ಒಂದು ಹನಿ ಮಳೆಯಿಲ್ಲ. ಮೇಲಿನ ಬೆಟ್ಟದಲ್ಲಿ ಸುರಿದಿತ್ತು. ರಾತ್ರಿ ಎರಡು ಗಂಟೆಗೆ ಅವರ ಕೂಗು ಕೇಳಿ ಎದ್ದು ಓಡುವಷ್ಟರಲ್ಲಿ ಅವರ ಡೇರೆಯೊಳಗೆ ಮೊಣಕಾಲುದ್ದ ನೀರು. ಒಬ್ಬ ತಾಯಿ ಮಗುವನ್ನು ಎತ್ತಿಕೊಂಡು ಹೊರಬರುವಾಗ ಕಾಲಿಗೆ ಹಗ್ಗ ತೊಡರಿ ಬಿದ್ದರು. ಪಕ್ಕದ ಡೇರೆಯ ಪ್ರವಾಸಿ ಹುಡುಗರು ಮಗುವನ್ನು ಹಿಡಿದರು. ದೇವರ ದಯೆ, ಯಾರ ಜೀವವೂ ಹೋಗಲಿಲ್ಲ. ಬೆಳಿಗ್ಗೆ ಆ ತಾಯಿ ಒದ್ದೆ ಕಂಬಳಿ ಹಿಂಡುತ್ತಾ, “ಉಪದೇಶಿಯವರೇ, ಲೈನಿನಲ್ಲೂ ನಮಗೆ ಕೊನೆಯ ಮನೆ, ಇಲ್ಲೂ ಕೊನೆಯ ಜಾಗ” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ತೋಟದ ಕಾರ್ಮಿಕರಿಗೆ ವಸತಿ, ಕುಡಿಯುವ ನೀರು, ಶೌಚಾಲಯ ಕೊಡಬೇಕೆಂದು 1951ರ ತೋಟ ಕಾರ್ಮಿಕರ ಕಾಯ್ದೆ ಹೇಳಿತು. ಈಗ ಆ ವಿಷಯವನ್ನು 2020ರ ಕಾರ್ಮಿಕ ಸಂಹಿತೆಯೊಳಗೆ ಸೇರಿಸಿದ್ದಾರೆ. ಸೋರುವ ಮಾಡಿಗಾಗಿ ಮಾಲೀಕರ ಮುಂದೆ ನಿಂತು ವಾದಿಸುವವರು ನಾವು. ಆದರೆ ಹಂಚುವ ಅಧಿಕಾರ ಒಂದೇ ಒಂದು ರಾತ್ರಿ ನನ್ನ ಕೈಗೆ ಬಂದಾಗ ನಾನು ಮಾಡಿದ್ದೇನು? ಅರಣ್ಯಕಾಂಡದ 2ನೆಯ ಅಧ್ಯಾಯದಲ್ಲಿ ಒಂದೊಂದು ಕುಲಕ್ಕೂ ಗೊತ್ತುಮಾಡಿದ ದಿಕ್ಕು, ಗೊತ್ತುಮಾಡಿದ ಧ್ವಜ. ಮೊದಲು ಓಡಿದವನಿಗೆ ಒಳ್ಳೆಯ ಜಾಗ ಎಂಬ ನಿಯಮ ಅಲ್ಲಿರಲಿಲ್ಲ.

ಆದ್ದರಿಂದ ನಾಳೆ ಹೀಗೆ ನಡೆಯೋಣ.

ಒಂದು: ದಡದ ಪೊದೆಗಳಲ್ಲಿ ಒಣ ಹುಲ್ಲು, ಕಸ ಸಿಕ್ಕಿಕೊಂಡಿರುವ ಎತ್ತರವನ್ನು ನೋಡಿರಿ. ಹಿಂದೆ ನೀರು ಅಲ್ಲಿಯವರೆಗೆ ಏರಿತ್ತೆಂದು ಅದೇ ಸಾಕ್ಷಿ. ಅದರ ಕೆಳಗೆ ಯಾರ ಡೇರೆಯೂ ಬೇಡ. ಜಾಗ ಸಾಲದಿದ್ದರೆ ಎರಡು ಮನೆಯವರು ಒಂದೇ ಡೇರೆಯಲ್ಲಿ ಮಲಗಲಿ.

ಎರಡು: ಆನೆ, ಕಾಟಿ ನೀರಿಗೆ ಇಳಿಯುವ ದಾರಿಯನ್ನು ಬಿಟ್ಟು ಹಾಕಿರಿ. 2021ರ ಜನವರಿಯಲ್ಲಿ ವಯನಾಡಿನ ಮೇಪ್ಪಾಡಿಯಲ್ಲಿ ಡೇರೆಯಲ್ಲಿ ತಂಗಲು ಬಂದಿದ್ದ ಒಬ್ಬ ಹೆಣ್ಣುಮಗಳನ್ನು ಆನೆ ಕೊಂದದ್ದು ನಿಮಗೆ ನೆನಪಿರಬಹುದು.

ಮೂರು: ಹಗ್ಗಗಳಿಗೆ ಬಿಳಿ ಬಟ್ಟೆಯ ಚೂರು ಕಟ್ಟಿರಿ. ಕತ್ತಲಲ್ಲಿ ನಮ್ಮವರೂ ಎಡವಬಾರದು, ನೆರೆಯವರೂ ಎಡವಬಾರದು.

ನಾಲ್ಕು: ಎಷ್ಟೇ ಚಳಿಯಾದರೂ ಕೆಂಡದ ಬಾಣಲೆಯನ್ನು ಡೇರೆಯೊಳಗೆ ತರಬೇಡಿರಿ. ಮುಚ್ಚಿದ ಜಾಗದಲ್ಲಿ ಅದರ ವಿಷಗಾಳಿಗೆ ವಾಸನೆಯಿಲ್ಲ. ಮಲಗಿದವರು ಏಳುವುದಿಲ್ಲ.

ಐದು: ಪಾಳೆಯದ ಹೊರಗೆ ಗುಂಡಿ ತೋಡಿ ಮಲವನ್ನು ಮುಚ್ಚಬೇಕೆಂದು ಧರ್ಮೋಪದೇಶಕಾಂಡದ 23ನೆಯ ಅಧ್ಯಾಯದಲ್ಲಿ ವಿಧಿಯಿದೆ. ಅಲ್ಲಿಯ ಕಕ್ಕಸಿನ ಮುಂದೆ ಸಾಲು ಉದ್ದವಿದೆಯೆಂದು ಯಾರೂ ದಡಕ್ಕೆ ಹೋಗಬಾರದು. ಗುಂಡಿ ತೋಡಲೇಬೇಕಾದರೆ ನೀರಿನಿಂದ 70 ಹೆಜ್ಜೆಯಾದರೂ ದೂರವಿರಲಿ. ಸೋಪು ಹಾಕಿ ತೊಳೆಯುವುದೂ ಅಷ್ಟೇ ದೂರದಲ್ಲಿ. ಕೆಳಗಿನ ಊರಿನವರು ಕುಡಿಯುವುದು ಅದೇ ನೀರನ್ನು.

ಆರು: ರಾತ್ರಿ ಇಬ್ಬಿಬ್ಬರು ಸರದಿಯಲ್ಲಿ ಕಾವಲಿರಲಿ. ನೀರು ಕೆಂಪಾದರೆ, ಎಲೆ ಕಡ್ಡಿ ತೇಲಿಬಂದರೆ, ಹೊಳೆಯ ಸದ್ದು ದಪ್ಪವಾದರೆ ಪಾತ್ರೆಪಗಡ ನೋಡುತ್ತಾ ನಿಲ್ಲಬೇಡಿರಿ. ಮಕ್ಕಳನ್ನು ಎತ್ತಿಕೊಂಡು ಮೇಲಕ್ಕೆ ಹೋಗಿರಿ. ನೆರೆಯ ಡೇರೆಗಳವರನ್ನೂ ಎಬ್ಬಿಸಿರಿ. ಅವರು ನಮ್ಮ ಮಗುವನ್ನು ಹಿಡಿದವರು.

ಪೌಲನು ಗುಡಾರ ಮಾಡುವ ಕಸಬಿನವನು. ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಕಿಲ್ಲರ ಮನೆಯಲ್ಲಿದ್ದು ಅವರೊಂದಿಗೆ ಕೂತು ಅದೇ ಕೆಲಸ ಮಾಡಿದನು. ಅವನ ಕೈಯ ಗುಡಾರದೊಳಗೆ ಯಾರು ಮಲಗುವರೋ ಅವನಿಗೆ ಗೊತ್ತಿರಲಿಲ್ಲ. ಮಳೆ ಬಂದರೆ ಒಳಗಿದ್ದವರು ನೆನೆಯಬಾರದೆಂದೇ ಆ ಕೆಲಸ. ನಾವು ಹೊಡೆಯುವ ಗೂಟವೂ ಹಾಗೆ ಗಟ್ಟಿಯಾಗಿರಲಿ.

ಕೊನೆಯ ಮಾತು. ಜಾಗ ಹಂಚುವ ಪಟ್ಟಿಯನ್ನು ಈ ಸಾರಿ ನಾನು ಇಟ್ಟುಕೊಂಡಿಲ್ಲ. ಹೋದ ವರ್ಷ ಕೊನೆಯ ಗಾಡಿಯಲ್ಲಿ ಬಂದ ಇಬ್ಬರು ಅಕ್ಕಂದಿರ ಕೈಗೆ ಕೊಟ್ಟಿದ್ದೇನೆ. ನಾಳೆ ಮೊದಲ ಗಾಡಿಯಲ್ಲಿ ಹೋಗುವವರು ಅವರು. ನನ್ನ ಡೇರೆ ಎಲ್ಲಿ ಎಂಬುದನ್ನು ಅವರೇ ಹೇಳುತ್ತಾರೆ.

ಕರ್ತನು ನಮ್ಮ ಬಿಡಾರವನ್ನು ಕಾಯಲಿ. ಆಮೆನ್.