ಗೋಥಾದ ಅರಮನೆ ಮತ್ತು ಅರಬ್ಬಿ ಹಸ್ತಪ್ರತಿಗಳು



ಜರ್ಮನಿಯಲ್ಲಿ ಸಾಕ್ಸ್-ಕೋಬುರ್ಗ್-ಗೋಥಾ ಎಂಬ ಚಿಕ್ಕ ಸಂಸ್ಥಾನವಿತ್ತು. ವಿಕ್ಟೋರಿಯಾ ರಾಣಿಯ ಪತಿ ಆಲ್ಬರ್ಟ್ ಆ ಮನೆತನದವನು. 1918ರಲ್ಲಿ ಅಲ್ಲಿನ ಡ್ಯೂಕರ ಆಳ್ವಿಕೆ ಕೊನೆಗೊಂಡಿತು. 1920ರಲ್ಲಿ ಗೋಥಾ ಥ್ಯುರಿಂಗಿಯಾಕ್ಕೂ ಕೋಬುರ್ಗ್ ಬವೇರಿಯಾಕ್ಕೂ ಸೇರಿದವು. ಸಂಸ್ಥಾನ ಹೋಯಿತು, ಅರಮನೆಗಳು ಉಳಿದವು. ಕೋಬುರ್ಗ್ ಊರಿನ ಏರೆನ್‌ಬುರ್ಗ್ ಅರಮನೆ, ಗುಡ್ಡದ ಮೇಲಿನ ಕೋಟೆ, 1819ರಲ್ಲಿ ಆಲ್ಬರ್ಟ್ ಹುಟ್ಟಿದ ರೋಝೆನಾವ್ ಈಗ ವಸ್ತುಸಂಗ್ರಹಾಲಯಗಳಾಗಿವೆ. ಹಿಂದೆ ಅಪ್ಪಣೆಯಿಲ್ಲದೆ ಕಾಲಿಡಲಾಗದ ಕೋಣೆಗಳನ್ನು ಇಂದು ಟಿಕೆಟ್ ಪಡೆದು ಯಾರೂ ನೋಡಬಹುದು.

ಗೋಥಾದ ಫ್ರೀಡೆನ್‌ಸ್ಟೈನ್ ಅರಮನೆಯೂ ಹೀಗೆಯೇ. ಒಂದನೇ ಅರ್ನ್ಸ್ಟ್ ಎಂಬ ಡ್ಯೂಕ್ 1643ರಲ್ಲಿ ಅದನ್ನು ಕಟ್ಟಿಸತೊಡಗಿದ. ಮೂವತ್ತು ವರ್ಷಗಳ ಯುದ್ಧ ಇನ್ನೂ ನಡೆದಿತ್ತು. ಅವನು ಇಟ್ಟ ಹೆಸರಿನ ಅರ್ಥ ‘ಶಾಂತಿಯ ಕಲ್ಲು’. ಒಂದು ಮಾತು ಗಮನಿಸಿ. ಅದಕ್ಕೂ ಒಂದು ವರ್ಷ ಮೊದಲೇ, 1642ರಲ್ಲಿ, ಗಂಡು ಹೆಣ್ಣೆನ್ನದೆ ಎಲ್ಲ ಮಕ್ಕಳೂ ಶಾಲೆಗೆ ಬರಬೇಕೆಂಬ ಕಟ್ಟಳೆ ಅವನ ರಾಜ್ಯದಲ್ಲಿ ಜಾರಿಯಾಗಿತ್ತು. ಅರಮನೆಗಿಂತ ಮೊದಲು ಶಾಲೆಯ ವಿಚಾರ!

ಆ ಅರಮನೆಯ ಗ್ರಂಥಾಲಯದಲ್ಲಿ ಇಂದು ಸುಮಾರು 3,500 ಪೌರ್ವಾತ್ಯ ಹಸ್ತಪ್ರತಿಗಳಿವೆ. ಹೆಚ್ಚಿನವು ಅರಬ್ಬಿ. 1802ರಲ್ಲಿ ಪ್ರಯಾಣ ಹೊರಟ ಉಲ್ರಿಖ್ ಯಾಸ್ಪರ್ ಝೇಟ್ಸೆನ್ ಎಂಬ ವಿದ್ವಾಂಸರು ಅಲೆಪ್ಪೊ, ಡಮಾಸ್ಕಸ್, ಕೈರೋಗಳಲ್ಲಿ ಕೊಂಡು ಕಳಿಸಿದವೇ ಬಹುಪಾಲು. ಅವರು ಊರಿಗೆ ಮರಳಲಿಲ್ಲ. 1811ರಲ್ಲಿ ಯೆಮೆನ್‌ನಲ್ಲಿ ತೀರಿಕೊಂಡರು. ಮುಂದೆ ವಿಲ್‌ಹೆಲ್ಮ್ ಪೆರ್ಚ್ ಎಂಬ ಗ್ರಂಥಪಾಲರು ಆ ಅರಬ್ಬಿ ಹಸ್ತಪ್ರತಿಗಳನ್ನು ಒಂದೊಂದಾಗಿ ಓದಿ, 1878ರಿಂದ 1892ರವರೆಗೆ ಐದು ಸಂಪುಟಗಳ ಸೂಚಿ ಪ್ರಕಟಿಸಿದರು. ಯಾವ ಪುಸ್ತಕ, ಯಾರದು ಎಂದು ತಿಳಿದದ್ದರಿಂದಲೇ ಲೋಕದ ವಿದ್ವಾಂಸರು ಅಲ್ಲಿಗೆ ಹೋಗುತ್ತಾರೆ.

ಎರಡನೇ ಮಹಾಯುದ್ಧದ ಬಳಿಕ ಈ ಗ್ರಂಥಾಲಯವನ್ನು ಸೋವಿಯತ್ ಒಕ್ಕೂಟಕ್ಕೆ ಸಾಗಿಸಿದ್ದರು. 1956ರಲ್ಲಿ ಬಹುಪಾಲು ಮರಳಿ ಬಂತು.

ವಿದ್ಯಾರ್ಥಿಗಳೇ, ನಮಗೆ ಅರಮನೆಯಿಲ್ಲ. ಆದರೆ ಅಜ್ಜನ ಕಾಲದ ಪೆಟ್ಟಿಗೆಯಲ್ಲಿ ಉರ್ದುವಿನ, ಪಾರ್ಸಿಯ, ಅರಬ್ಬಿಯ ಕೈಬರಹ ಇದ್ದೀತು. ಜೀರ್ಣವಾಯಿತೆಂದು ಬಾವಿಗೋ ಹೊಳೆಗೋ ಬಿಡುವ ಮುನ್ನ ಓದಬಲ್ಲವರೊಬ್ಬರಿಗೆ ತೋರಿಸಿ. ಹೆಸರು, ಬರೆದವರು, ವರ್ಷ ಇಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿ. ತೇವ, ಗೆದ್ದಲು ತಾಗದಂತೆ ಹತ್ತಿಬಟ್ಟೆಯಲ್ಲಿ ಸುತ್ತಿಡಿ. ಸೂಚಿಯ ಕೆಲಸ ಅಲ್ಲಿಂದಲೇ ಆರಂಭವಾಗುತ್ತದೆ. ಅದಕ್ಕೆ ಡ್ಯೂಕನ ಖಜಾನೆ ಬೇಕಿಲ್ಲ.