ಥಂಡಿಯೊಳಗ ಕೈ ಬೆಚ್ಚಗಿರಬೇಕಂದ್ರ: ರಾತ್ರಿ ಪಾಳಿಯೊಳಗ ಕಬ್ಬಿಗೆ ನೀರು ಹಾಯಿಸೋರ ಜೊತೆ ಒಂದಿಷ್ಟು ಮಾತು

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಐನಾಪುರದಿಂದ ಮಾತಾಡ್ತಾ ಇದ್ದೀನಿ. ಇಯರ್‌ಫೋನ್ ಹಾಕ್ಕೊಂಡು ಬೈಕ್ ಓಡಿಸ್ತಾ ಕೇಳ್ತಿದ್ರೆ, ಮೊದಲು ಗಾಡಿ ಸೈಡಿಗೆ ಹಚ್ರಿ. ಯಾಕಂತ ಸ್ವಲ್ಪ ಹೊತ್ತಿನಲ್ಲಿ ಗೊತ್ತಾಗುತ್ತೆ.

ಇವತ್ತಿನ ವಿಷಯ ಶುರುವಾಗಿದ್ದು ಒಂದು ವಿಡಿಯೋದಿಂದ. ರಾತ್ರಿ ಹಾಸಿಗೆಯಲ್ಲಿ ಮಲಗಿ ಮೊಬೈಲ್ ನೋಡ್ತಿದ್ದೆ. ಅಮೆರಿಕದ ಒಬ್ಬ ಮನುಷ್ಯ, ಸುತ್ತ ಹಿಮ, ಮರದ ಮೇಲೆ ಕಟ್ಟಿದ ಸಣ್ಣ ಅಟ್ಟದ ಮೇಲೆ ಬಿಲ್ಲು ಹಿಡಿದು ಕೂತಿದ್ದಾನೆ. ಜಿಂಕೆ ಬರೋದನ್ನ ಕಾಯ್ತಿದ್ದಾನೆ. ಆದ್ರೆ ವಿಡಿಯೋ ಪೂರ್ತಿ ಜಿಂಕೆ ಬಗ್ಗೆ ಅಲ್ಲ, ಬಿಲ್ಲಿನ ಬಗ್ಗೇನೂ ಅಲ್ಲ. ಕೈ ಹ್ಯಾಂಗ ಬೆಚ್ಚಗೆ ಇಟ್ಕೋಬೇಕು ಅನ್ನೋದರ ಬಗ್ಗೆ! ಗಂಟೆಗಟ್ಟಲೆ ಅಲುಗಾಡದೆ ಕೂರಬೇಕು, ಸಮಯ ಬಂದಾಗ ಬೆರಳು ಮಾತ್ರ ಚುರುಕಾಗಿ ಕೆಲಸ ಮಾಡಬೇಕು. ದಪ್ಪ ಗ್ಲೌಸ್ ಹಾಕಿದ್ರೆ ಬಾಣ ಬಿಡೋಕೆ ಆಗಲ್ಲ, ಹಾಕದಿದ್ರೆ ಬೆರಳು ಮರಗಟ್ಟುತ್ತೆ.

ನಮ್ಮಲ್ಲಿ ಬೇಟೆ ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ಬಿಲ್ಲು ಹಿಡಿದು ಜಿಂಕೆ ಹಿಂದೆ ಹೋದ್ರೆ ಸೀದಾ ಜೈಲು. ಅದು ಇವತ್ತಿನ ಮಾತಲ್ಲ. ಆದ್ರೆ ಆ ವಿಡಿಯೋ ನೋಡ್ತಾ ನನಗೆ ನೆನಪಾದವರು ನಮ್ಮಪ್ಪ. ಅವರೂ ಥಂಡಿಯಲ್ಲಿ ರಾತ್ರಿಯೆಲ್ಲಾ ಕಾಯ್ತಾರೆ. ಜಿಂಕೆಗಲ್ಲ, ಕರೆಂಟಿಗೆ.

ನಮ್ಮ ಕಡೆಯವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಬೇರೆ ಊರಿನವರಿಗಾಗಿ ಹೇಳ್ತೀನಿ. ಐನಾಪುರ ಕಾಗವಾಡ ತಾಲೂಕಿನ ಊರು, ಕೃಷ್ಣಾ ನದಿ ಬಯಲು. ಎಲ್ಲಿ ನೋಡಿದ್ರೂ ಕಬ್ಬು. ಪಂಪ್‌ಸೆಟ್ ಓಡಬೇಕಂದ್ರೆ ತ್ರೀ ಫೇಸ್ ಕರೆಂಟ್ ಬೇಕು, ಅದು ಪಾಳಿ ಮೇಲೆ ಬರುತ್ತೆ. ಒಂದು ವಾರ ಹಗಲು ಬಂದ್ರೆ ಇನ್ನೊಂದು ವಾರ ರಾತ್ರಿ. ಎಳ್ಳ ಅಮಾವಾಸ್ಯೆ ಆಸುಪಾಸು, ಡಿಸೆಂಬರ್-ಜನವರಿಯಲ್ಲಿ ರಾತ್ರಿ ಪಾಳಿ ಬಂತಂದ್ರೆ, ಮಂಕಿ ಟೋಪಿ, ಸಲಿಕೆ, ಬ್ಯಾಟರಿ ತಗೊಂಡು ಹೊಲಕ್ಕೆ ಹೋಗೋದೇ.

ಹಿಂದಿನ ಜನವರಿಯಲ್ಲಿ ಅಪ್ಪನಿಗೆ ಕೆಮ್ಮು ಇತ್ತು. "ಅಪ್ಪಾ, ಇವತ್ತ ನಾ ಹೋಗತೀನಿ, ನೀ ಮಲಕೋ" ಅಂದೆ. ಅವರು ನನ್ನ ಕಡೆ ಹಿಂಗ ನೋಡಿದ್ರು. ಬಿ.ಕಾಂ. ಮಾಡಿ ಮೈಕ್ ಮುಂದೆ ಕೂರೋ ಮಗ ಸಲಿಕೆ ಹಿಡೀತೀನಿ ಅಂದ್ರೆ ನಗು ಬರೋದು ಸಹಜ. "ಹೋಗ ತಮ್ಮಾ, ಸ್ವೆಟರ್ ಹಾಕ್ಕೋ" ಅಂದ್ರು. ನಾನು ಸ್ವೆಟರ್ ಹಾಕಲಿಲ್ಲ. ಸಂತೆಯಲ್ಲಿ ತಂದ ಹತ್ತಿ ಗ್ಲೌಸ್ ಇತ್ತಲ್ಲ, ಅದನ್ನ ಹಾಕ್ಕೊಂಡೆ. ಟೀ ಶರ್ಟ್ ಮೇಲೊಂದು ತೆಳ್ಳನೆ ಜಾಕೆಟ್. ಸಾಕಂದ್ಕೊಂಡೆ.

ಅರ್ಧ ತಾಸಿನೊಳಗೆ ಗ್ಲೌಸ್ ತೊಯ್ದು ತೊಪ್ಪೆ ಆಯ್ತು. ಸಾಲು ಒಡೆದು ನೀರು ತಿರುವಬೇಕು, ಮಣ್ಣು ಎಳೀಬೇಕು, ಕೈ ನೀರಿನಲ್ಲೇ ಇರುತ್ತೆ. ಮೂರು ಗಂಟೆ ಹೊತ್ತಿಗೆ ಬೆರಳು ನೋಯೋಕೆ ಶುರು. ನಾಲ್ಕಕ್ಕೆ ನೋವು ನಿಂತಿತು. ನಾನು ದಡ್ಡ, 'ಹಾ, ಕೈ ಹೊಂದಿಕೊಂಡಿತು' ಅಂದ್ಕೊಂಡೆ. ಅದು ಹೊಂದಿಕೊಂಡಿದ್ದಲ್ರೀ, ಸ್ಪರ್ಶ ಹೋಗಿದ್ದು.

ಕರೆಂಟ್ ಹೋಯ್ತು, ಬೈಕ್ ಹತ್ತಿದೆ. ಮನೆ ಎರಡೂವರೆ ಕಿಲೋಮೀಟರ್. ತಿರುವಿನಲ್ಲಿ ಮುಂದೆ ಕಬ್ಬು ತುಂಬಿದ ಟ್ರ್ಯಾಕ್ಟರ್ ಟ್ರಾಲಿ ನಿಂತಿತ್ತು. ಹಿಂದೆ ಲೈಟಿಲ್ಲ, ರಿಫ್ಲೆಕ್ಟರ್ ಇಲ್ಲ. ಬ್ರೇಕ್ ಹಿಡಿಯೋಕೆ ಹೋದೆ. ಬೆರಳು ಮಡಚಲೇ ಇಲ್ಲ. ತಲೆ ಹೇಳ್ತಿದೆ ಹಿಡಿ ಹಿಡಿ ಅಂತ, ಕೈ ಕೇಳ್ತಿಲ್ಲ. ಹ್ಯಾಂಡಲ್ ಎಡಕ್ಕೆ ತಿರುಗಿಸಿದೆ, ಗಾಡಿ ಸಮೇತ ರಸ್ತೆ ಪಕ್ಕದ ತಗ್ಗಿಗೆ ಬಿದ್ದೆ. ಮೊಣಕಾಲು ತರಚಿತು ಅಷ್ಟೇ. ಒಂದು ಮೊಳ ಆಚೆ ಈಚೆ ಆಗಿದ್ರೆ ಈ ಸಂಚಿಕೆ ಇರ್ತಿರಲಿಲ್ಲ.

ಎರಡನೇ ತಪ್ಪು ಮನೆಗೆ ಹೋದ ಮೇಲೆ. ಅವ್ವ ನೀರೊಲೆ ಹಚ್ಚಿದ್ರು. ನಾನು ಸೀದಾ ಹೋಗಿ ಒಲೆ ಬಾಯಿಗೆ ಕೈ ಹಿಡಿದೆ. ಹಿತ ಅನಿಸಲಿಲ್ಲ, ಸುಡ್ತಿದೆ ಅಂತಾನೂ ಅನಿಸಲಿಲ್ಲ. ಇನ್ನೂ ಹತ್ತಿರ ಹಿಡಿದೆ. ಹೊತ್ತೇರೋ ಹೊತ್ತಿಗೆ ಎರಡು ಬೆರಳಿಗೆ ಬೊಬ್ಬೆ. ಮರಗಟ್ಟಿದ ಕೈಗೆ ಬಿಸಿಯ ಅರಿವು ಇರಲ್ಲ. ಇದನ್ನ ನೆನಪಿಟ್ಕೊಳ್ರಿ.

ಅಪ್ಪ ನನ್ನ ಕೈ ನೋಡಿ ಒಂದೇ ಮಾತು ಅಂದ್ರು: "ಥಂಡಿ ಕೈಗೆ ಹತ್ತಿಲ್ಲೋ ತಮ್ಮಾ, ಮೈಗೆ ಹತ್ತೇತಿ. ಸ್ವೆಟರ್ ಹಾಕ್ಕೊಂಡಿದ್ದೇನು?"

ಆಗ ಇದು ಹಿರಿಯರ ಬೈಗುಳ ಅಂದ್ಕೊಂಡೆ. ಆಮೇಲೆ ಓದಿ ನೋಡಿದೆ. ಅಪ್ಪ ಹೇಳಿದ್ದೇ ಪೂರ್ತಿ ವಿಜ್ಞಾನ.

ನನಗೆ ಗೊತ್ತಿರೋ ಭಾಷೆಯಲ್ಲಿ, ಅಂದ್ರೆ ಅಕೌಂಟ್ಸ್ ಭಾಷೆಯಲ್ಲಿ ಹೇಳ್ತೀನಿ. ನಮ್ಮ ಮೈ ಒಂದು ಕಂಪನಿ. ಹೃದಯ, ಮೆದುಳು, ಲಿವರ್ ಇವೆಲ್ಲಾ ಹೆಡ್ ಆಫೀಸ್. ಅಲ್ಲಿ ಸುಮಾರು 37 ಡಿಗ್ರಿ ಇರಲೇಬೇಕು. ಕೈಬೆರಳು ದೂರದ ಬ್ರಾಂಚ್. ಶಾಖದ ಬಂಡವಾಳ ಕಡಿಮೆ ಆಯ್ತು ಅಂದ್ರೆ ಹೆಡ್ ಆಫೀಸ್ ಏನು ಮಾಡುತ್ತೆ? ಮೊದಲು ಬ್ರಾಂಚಿಗೆ ಹೋಗೋ ಹಣ ಕಟ್. ಕೈಯ ರಕ್ತನಾಳಗಳು ಕಿರಿದಾಗ್ತವೆ, ಬಿಸಿ ರಕ್ತ ಬೆರಳಿಗೆ ಬರೋದು ಕಡಿಮೆ ಆಗುತ್ತೆ. ಬ್ರಾಂಚಿಗೆ ಎಷ್ಟೇ ಚಂದ ಬಾಗಿಲು ಹಾಕಿದ್ರೂ, ಅಂದ್ರೆ ಎಷ್ಟೇ ಗ್ಲೌಸ್ ಹಾಕಿದ್ರೂ, ಒಳಗೆ ಬಂಡವಾಳವೇ ಬರದಿದ್ರೆ ಏನುಪಯೋಗ? ಗ್ಲೌಸ್ ಬಿಸಿ ಹುಟ್ಟಿಸಲ್ಲ, ಇರೋ ಬಿಸಿಯನ್ನ ಹಿಡಿದಿಡುತ್ತೆ ಅಷ್ಟೇ.

ಅದಕ್ಕೆ ಮೊದಲ ಮಾತು: ಕೈ ಬೆಚ್ಚಗಿರಬೇಕಂದ್ರೆ ಎದೆ, ಕುತ್ತಿಗೆ, ತಲೆ ಮುಚ್ಚಿರಬೇಕು. ಮಂಕಿ ಟೋಪಿ ನೋಡಿ ನಾವು ನಗ್ತೀವಿ, ರೀಲ್ಸ್ ಮಾಡ್ತೀವಿ. ಅದು ಕೈಗೂ ಕೆಲಸ ಮಾಡುತ್ತೆ.

ಎರಡನೇದು ಮೊಳಕೈಯಿಂದ ಮಣಿಕಟ್ಟಿನವರೆಗಿನ ಭಾಗ. ಬೆರಳು ಮಡಚೋ ದೊಡ್ಡ ಸ್ನಾಯುಗಳು ಬೆರಳಿನಲ್ಲಿಲ್ಲ, ಮುಂಗೈಯಲ್ಲಿವೆ. ಅಲ್ಲಿಂದ ಹಗ್ಗದಂಥ ನರಗಳು, ಡಾಕ್ಟರ್ ಭಾಷೆಯಲ್ಲಿ ಸ್ನಾಯುರಜ್ಜು, ಮಣಿಕಟ್ಟು ದಾಟಿ ಬೆರಳಿಗೆ ಹೋಗ್ತವೆ. ಮಣಿಕಟ್ಟಿನಲ್ಲಿ ರಕ್ತನಾಳ ಚರ್ಮಕ್ಕೆ ಹತ್ತಿರ ಇದೆ, ಅಲ್ಲೇ ನಾಡಿ ಹಿಡಿಯೋದು. ಆದ್ದರಿಂದ ಹಳೇ ಉಣ್ಣೆ ಕಾಲುಚೀಲದ ಪಾದ ಕತ್ತರಿಸಿ, ಉಳಿದಿದ್ದನ್ನ ಮುಂಗೈಗೆ ಏರಿಸ್ಕೊಳ್ರಿ. ಬೆರಳು ಖಾಲಿ ಇರುತ್ತೆ, ಸಲಿಕೆ ಹಿಡಿಯೋಕೆ ಅಡ್ಡಿ ಇಲ್ಲ. ನಾನು ಈಗ ಇದನ್ನೇ ಮಾಡೋದು. ಖರ್ಚು ಸೊನ್ನೆ.

ಮೂರನೇದು ನೀರು. ಗಾಳಿಗಿಂತ ನೀರು ಸುಮಾರು 25 ಪಟ್ಟು ಬೇಗ ಶಾಖ ಎಳ್ಕೊಳ್ಳುತ್ತೆ. ತೊಯ್ದ ಹತ್ತಿ ಗ್ಲೌಸ್ ಅಂದ್ರೆ ಕೈಗೆ ಥಂಡಿ ಪಟ್ಟಿ ಕಟ್ಟಿದ ಹಂಗೇ. ಅದಕ್ಕಿಂತ ಬರಿಗೈ ವಾಸಿ. ನೀರಿನ ಕೆಲಸಕ್ಕೆ ರಬ್ಬರ್ ಗ್ಲೌಸ್ ಮೇಲೆ, ಒಳಗೆ ತೆಳ್ಳನೆ ಉಣ್ಣೆಯದು. ಉಣ್ಣೆಗೆ ಒಂದು ಗುಣ ಇದೆ: ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವ ಹೀರಿದ್ರೂ ಒದ್ದೆ ಅನಿಸಲ್ಲ, ಬಿಸಿ ಬಿಡಲ್ಲ. ನಮ್ಮ ಕುರುಬರ ಕಂಬಳಿ ಮಳೆ, ಥಂಡಿ ಎರಡಕ್ಕೂ ಯಾಕೆ ಅಂತ ಈಗ ಗೊತ್ತಾಯ್ತಲ್ಲ? ಗ್ಲೌಸ್ ಬಿಗಿಯಾಗಿ ಇರಬಾರದು, ಬಿಗಿ ಆದ್ರೆ ರಕ್ತ ಓಡಲ್ಲ. ಜೇಬಿನಲ್ಲಿ ಒಣಗಿದ ಇನ್ನೊಂದು ಜೊತೆ ಇರಲಿ.

ಆ ಅಮೆರಿಕದವನ ಒಂದು ಉಪಾಯ ನನಗೆ ಬಹಳ ಹಿಡಿಸಿತು. ಅವನು ಸೊಂಟಕ್ಕೆ ಎರಡೂ ಕಡೆ ಬಾಯಿ ಇರೋ ಒಂದು ದಪ್ಪ ಚೀಲ ಕಟ್ಕೊಂಡಿರ್ತಾನೆ. ಕಾಯೋವಾಗ ಎರಡೂ ಕೈ ಅದರೊಳಗೆ, ಕೆಲಸ ಬಂದಾಗ ಮಾತ್ರ ಹೊರಗೆ. ಕೈಗೆ ತೆಳ್ಳನೆ ಗ್ಲೌಸ್ ಸಾಕು. ಅವ್ವನಿಗೆ ಹೇಳಿದೆ, ಹಳೇ ರಗ್ಗು ಕತ್ತರಿಸಿ ಒಂದು ಹೊಲಿದು ಕೊಟ್ರು. ಅಪ್ಪ ನೋಡಿ "ಇದೇನೋ, ಕಂಡಕ್ಟರ್ ಚೀಲ?" ಅಂದ್ರು. ಈಗ ಅವರೇ ಕಟ್ಕೊಂಡು ಹೋಗ್ತಾರೆ. ಬೆರಳೆಲ್ಲಾ ಒಟ್ಟಿಗೆ ಇದ್ರೆ ಒಂದಕ್ಕೊಂದು ಬಿಸಿ ಕೊಡ್ತವೆ, ಬೇರೆ ಬೇರೆ ಇದ್ರೆ ಪ್ರತಿಯೊಂದೂ ಒಂಟಿಯಾಗಿ ತಣ್ಣಗಾಗುತ್ತೆ. ಕೂಡು ಕುಟುಂಬದ ಲೆಕ್ಕ.

ಈಗ ಬೈಕಿನ ಮಾತು. 10 ಡಿಗ್ರಿ ಥಂಡಿಯಲ್ಲಿ ಗಂಟೆಗೆ 40 ಕಿ.ಮೀ. ವೇಗದ ಗಾಳಿ ಬರಿ ಚರ್ಮಕ್ಕೆ ಬಡಿದ್ರೆ, ಕೆನಡಾ, ಅಮೆರಿಕದ ಹವಾಮಾನ ಇಲಾಖೆಗಳು ಬಳಸೋ ಸೂತ್ರದ ಪ್ರಕಾರ ಅದು ಸುಮಾರು 6 ಡಿಗ್ರಿ ಇದ್ದ ಹಾಗೆ. ಕೈ ಒದ್ದೆ ಇದ್ರೆ ಇನ್ನೂ ಕೆಟ್ಟದ್ದು. ಬೆರಳಿನ ಚರ್ಮ 15 ಡಿಗ್ರಿಗಿಂತ ಕೆಳಗೆ ಹೋದ್ರೆ ಚುರುಕುತನ ಇಳಿಯುತ್ತೆ, ಇನ್ನೂ ಕೆಳಗೆ ಹೋದ್ರೆ ಸ್ಪರ್ಶವೇ ಹೋಗುತ್ತೆ. ಅದಕ್ಕೆ ಗಾಡಿ ಹತ್ತೋ ಮುಂಚೆ ಒಂದು ಪರೀಕ್ಷೆ: ಹೆಬ್ಬೆರಳು ಕಿರುಬೆರಳಿಗೆ ಮುಟ್ಟಿಸ್ರಿ. ಮುಟ್ಟೋಕೆ ತ್ರಾಸ ಆದ್ರೆ ಕೀಲಿ ತಿರುಗಿಸಬ್ಯಾಡ್ರಿ. ಅಂಗಿಯೊಳಗೆ ಕಂಕುಳಲ್ಲಿ ಕೈ ಇಟ್ಕೊಂಡು ಹತ್ತು ನಿಮಿಷ ನಿಲ್ರಿ. ಇಲ್ಲಾ ತೋಳನ್ನ ಗಿರಗಿರ ತಿರುಗಿಸ್ರಿ, ರಕ್ತ ಬೆರಳಿನ ತುದಿಗೆ ನುಗ್ಗುತ್ತೆ. ಯಾರಾದ್ರೂ ನೋಡಿ ನಕ್ಕರೆ ನಗಲಿ. ಸ್ಟಾರ್ಟರ್ ಡಬ್ಬಿ, ಫ್ಯೂಸ್ ಮುಟ್ಟೋ ಮುಂಚೇನೂ ಇಷ್ಟೇ. ಕೈ ಒಣಗಿರಬೇಕು, ಬೆರಳಿಗೆ ಅರಿವಿರಬೇಕು.

ಬೆಂಕಿ ಕಾಸೋದು ತಪ್ಪಲ್ಲ. ರವದಿ ಹಚ್ಚಿಕೊಂಡು ನಾಲ್ಕು ಮಂದಿ ಸುತ್ತ ಕೂತು ಮಾತಾಡೋ ಸುಖ ಬೇರೆ. ಆದ್ರೆ ಕೈ ಮೊದಲು ಮೈ ಬಿಸಿಗೆ ಸ್ವಲ್ಪ ಹದಕ್ಕೆ ಬರಲಿ, ಆಮೇಲೆ ಬೆಂಕಿ, ಅದೂ ದೂರದಿಂದ. ಮುಚ್ಚಿದ ಖೋಲಿಯಲ್ಲಿ, ಪಂಪ್ ಮನೆಯೊಳಗೆ ಕೆಂಡ ಇಟ್ಕೊಂಡು ಮಲಗೋದಂತೂ ಬ್ಯಾಡವೇ ಬ್ಯಾಡ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಮಲಗಿದವರು ಏಳೋದಿಲ್ಲ.

ಆನ್‌ಲೈನಿನಲ್ಲಿ ಹ್ಯಾಂಡ್ ವಾರ್ಮರ್ ಪುಡಿಕೆ ಸಿಗ್ತವೆ. ಒಳಗೆ ಕಬ್ಬಿಣದ ಪುಡಿ, ಉಪ್ಪು, ಇದ್ದಿಲು, ಸ್ವಲ್ಪ ನೀರು. ಗಾಳಿ ತಾಕಿದ್ರೆ ಕಬ್ಬಿಣ ತುಕ್ಕು ಹಿಡಿಯುತ್ತೆ, ಆ ತುಕ್ಕಿನ ಬಿಸಿಯೇ ಅದು. ಕೆಲಸ ಮಾಡುತ್ತೆ, ಆದ್ರೆ ಒಂದು ಸಲ ಬಳಸಿ ಎಸೆಯೋದು. ಲೆಕ್ಕ ಹಾಕಿದ್ರೆ ನಮಗೆ ತುಟ್ಟಿ. ಬಿಸಿ ನೀರಿನ ಬಾಟಲಿಗೆ ಬಟ್ಟೆ ಸುತ್ತಿ ಆ ಚೀಲದೊಳಗಿಟ್ರೆ ಸಾಕು.

ಈಗ ನಾನು ಈ ಸಂಚಿಕೆ ಮಾಡಿದ್ದಕ್ಕೆ ನಿಜವಾದ ಕಾರಣ ಹೇಳ್ತೀನಿ.

ನಾನು ಬಿದ್ದ ಮರುದಿನ ಅಪ್ಪನ ಕೈ ಮೊದಲ ಸಲ ಸರಿಯಾಗಿ ನೋಡಿದೆ. ಬೆಳಿಗ್ಗೆ ಎಮ್ಮೆ ಹಿಂಡಿ ಬಂದಿದ್ರು. ಮೂರು ಬೆರಳು ಸುಣ್ಣದಂಗ ಬೆಳ್ಳಗಾಗಿದ್ವು. ನೋಡ್ತಾ ನೋಡ್ತಾ ನೀಲಿ, ಆಮೇಲೆ ಕೆಂಪು. "ಇದು ಯಾವಾಗಿಂದ ಅಪ್ಪಾ?" ಅಂದೆ. "ಎರಡ ವರ್ಷ ಆತು. ಥಂಡಿಯೊಳಗ ಹಂಗ ಆಗತೈತಿ, ಬಿಡು." ಎರಡು ವರ್ಷ! ಒಂದೇ ಮನೆಯಲ್ಲಿದ್ದೀವಿ. ನಾನು ದಿನಾ ಸಾವಿರ ಮಂದಿಗೆ ಮಾತಾಡ್ತೀನಿ, ಅಪ್ಪನ ಕೈ ನೋಡಿರಲಿಲ್ಲ.

ಮಿರಜಿಗೆ ಕರ್ಕೊಂಡು ಹೋದೆ. ಡಾಕ್ಟರ್ ಇದಕ್ಕೆ ರೇನೋ ಅಂತ ಹೆಸರು ಹೇಳಿದ್ರು. 1862ರಲ್ಲಿ ಇದನ್ನ ವಿವರಿಸಿದ ಫ್ರೆಂಚ್ ವೈದ್ಯ ಮೊರೀಸ್ ರೇನೋ ಅವರ ಹೆಸರು. ಥಂಡಿಗೆ ಬೆರಳಿನ ರಕ್ತನಾಳ ಬೇಕಿದ್ದಕ್ಕಿಂತ ಜಾಸ್ತಿ ಬಿಗಿಯೋದು. ಬಹಳ ಜನರಿಗೆ ಅಪಾಯ ಇಲ್ಲ, ಕೆಲವರಿಗೆ ಬೇರೆ ಕಾಯಿಲೆಯ ಸೂಚನೆ ಇರಬಹುದು, ಆದ್ದರಿಂದ ರಕ್ತ ಪರೀಕ್ಷೆ ಮಾಡಿಸ್ರಿ ಅಂದ್ರು. ಆಮೇಲೆ ಅಪ್ಪನ ಅಂಗಿ ಜೇಬು ನೋಡಿ, "ಬೀಡಿ ಎಷ್ಟು?" ಅಂತ ಕೇಳಿದ್ರು. ಅಪ್ಪ ಸುಮ್ಮನಾದ್ರು.

ಥಂಡಿಯಲ್ಲಿ ಬೀಡಿ ಬಿಸಿ ಕೊಡುತ್ತೆ ಅನ್ನೋದು ನಮ್ಮ ನಂಬಿಕೆ. ನಿಕೋಟಿನ್ ರಕ್ತನಾಳವನ್ನ ಇನ್ನಷ್ಟು ಕಿರಿದು ಮಾಡುತ್ತೆ, ಬೆರಳು ಇನ್ನೂ ತಣ್ಣಗಾಗುತ್ತೆ. ದಾರೂನೂ ಅಷ್ಟೇ. ಕುಡಿದಾಗ ಚರ್ಮದ ನಾಳ ಅಗಲ ಆಗಿ ಬಿಸಿ ಅನಿಸುತ್ತೆ, ಆದ್ರೆ ಒಳಗಿನ ಶಾಖ ಹೊರಗೆ ಸೋರಿ ಹೋಗ್ತಿರುತ್ತೆ. ಹೆಡ್ ಆಫೀಸಿನ ತಿಜೋರಿ ಖಾಲಿ.

ಅಪ್ಪನ ಟೆಸ್ಟ್ ಎಲ್ಲಾ ಚಲೋ ಬಂದ್ವು. ಬೀಡಿ ಪೂರ್ತಿ ಬಿಟ್ಟಿಲ್ಲ, ಸುಳ್ಳು ಹೇಳಲ್ಲ. ಕಟ್ಟಿನಿಂದ ದಿನಕ್ಕೆ ಮೂರಕ್ಕೆ ಇಳಿದಿದೆ. ರಾತ್ರಿ ಪಾಳಿಗೆ ಈಗ ಇಬ್ಬರೂ ಪಾಲು ಮಾಡ್ಕೊಂಡು ಹೋಗ್ತೀವಿ.

ನಮ್ಮ ಹೊಲಕ್ಕೆ ಕಬ್ಬು ಕಡಿಯೋಕೆ ಬರೋ ಗ್ಯಾಂಗಿನವರು ಇದ್ದಾರಲ್ಲ, ಅವರ ಬಗ್ಗೆ ಒಂದು ಮಾತು ಹೇಳದೇ ಮುಗಿಸೋಕೆ ಆಗಲ್ಲ. ನಸುಕಿನಲ್ಲಿ ಇಬ್ಬನಿ ಹಿಡಿದ ಕಬ್ಬಿಗೆ ಕೈ ಹಾಕ್ತಾರೆ, ಹೆಣ್ಣುಮಕ್ಕಳೂ ಇರ್ತಾರೆ, ಗರಿ ಬ್ಲೇಡಿನಂಗ ಇರುತ್ತೆ, ಕೈಯಲ್ಲಿ ಕೊಯ್ತಾ. ಮರಗಟ್ಟಿದ ಬೆರಳಿಗೆ ಕೊಯ್ತಾ ತಾಗಿದ್ದೂ ತಕ್ಷಣ ಗೊತ್ತಾಗಲ್ಲ. ಹೊಲದ ಮಾಲೀಕರಾದ ನಾವು ಬಹಳ ಏನೂ ಮಾಡಬೇಕಿಲ್ಲ. ಒಂದು ಕೊಡ ಬಿಸಿ ನೀರು, ಒಂದು ಕಿತ್ಲಿ ಚಹಾ, ಬಿಸಿಲು ಬಿದ್ದ ಮೇಲೆ ಶುರು ಮಾಡ್ರಿ ಅನ್ನೋ ಒಂದು ಮಾತು. ಈ ವರ್ಷ ನಾವು ಮಾಡಿದ್ವಿ. ಟ್ರಾಲಿ ಒಂದು ತಾಸು ತಡ ಆಯ್ತು, ಅಷ್ಟೇ.

ಗ್ಲೌಸ್, ಚೀಲ, ಕಂಬಳಿ ಎಲ್ಲಾ ಸರಿ. ನಿಜವಾದ ಪರಿಹಾರ ಏನು ಅಂತ ಎಲ್ಲರಿಗೂ ಗೊತ್ತು: ಹಗಲು ಕರೆಂಟ್. ಅದು ಬರೋವರೆಗೆ ಬೆರಳು ನಮ್ಮವೇ, ನಾವೇ ನೋಡ್ಕೋಬೇಕು.

ಇವತ್ತು ರಾತ್ರಿ ಒಂದು ಕೆಲಸ ಮಾಡ್ರಿ. ಮೊಬೈಲ್ ಕೆಳಗಿಟ್ಟು, ನಿಮ್ಮ ಅಪ್ಪ, ಅವ್ವ, ಕಾಕಾ ಯಾರು ಹೊಲಕ್ಕೆ ಹೋಗ್ತಾರೋ ಅವರ ಕೈ ಹಿಡಿದು ನೋಡ್ರಿ. ಬೆರಳು ಬೆಳ್ಳಗಾಗುತ್ತಾ ಕೇಳ್ರಿ. ಏನಂದ್ರು ಅಂತ ನನಗೆ ವಾಯ್ಸ್ ನೋಟ್ ಕಳಿಸ್ರಿ, ಮುಂದಿನ ಸಂಚಿಕೆಯಲ್ಲಿ ಕೇಳಿಸ್ತೀನಿ.

ಸ್ವೆಟರ್ ಹಾಕ್ಕೊಳ್ರಿ. ಬರ್ತೀನಿ.