ಕಬ್ಬಿನ ಕುಲವೃತ್ತಾಂತ
(ಗೋಕಾಕದಲ್ಲಿ ನೀಡಿದ ದತ್ತಿ ಉಪನ್ಯಾಸ)



ವಂಶವಾಹಿ ವಿಜ್ಞಾನದ ಮುನ್ನಡೆಯನ್ನು ಕುರಿತು ಮಾತನಾಡಬೇಕೆಂದು ಈ ದತ್ತಿಯ ವ್ಯವಸ್ಥಾಪಕರು ಅಪ್ಪಣೆಮಾಡಿದಾಗ, ದೂರದೇಶಗಳ ಪ್ರಯೋಗಶಾಲೆಗಳ ವರ್ಣನೆಯಿಂದ ಆರಂಭಿಸುವುದಕ್ಕಿಂತ, ಇಲ್ಲಿಂದ ಮೂಡಲಗಿಗೆ ಹೋದರೂ ಹುಕ್ಕೇರಿಗೆ ಹೋದರೂ ದಾರಿಯ ಎರಡೂ ಬದಿಗೆ ಆಳುದ್ದ ಬೆಳೆದು ನಿಂತಿರುವ ಕಬ್ಬಿನಿಂದಲೇ ಆರಂಭಿಸುವುದು ಉಚಿತವೆಂದು ನನಗೆ ತೋರಿತು. ಸಂಕರದಿಂದ ಹೊಸ ಜೀವರೂಪವು ಮೈದಾಳುವ ಬಗೆಯನ್ನೂ, ಡಿ.ಎನ್.ಎ.ಯ ಅನುಕ್ರಮವನ್ನು ಓದುವ ವಿದ್ಯೆಯ ಸಾಮರ್ಥ್ಯವನ್ನೂ ಅದರ ಕಷ್ಟವನ್ನೂ ಇದರಷ್ಟು ಸ್ಫುಟವಾಗಿ ತೋರಿಸಿಕೊಡುವ ಸಸ್ಯವು ವಿರಳ.

ನಾಟಿಯ ಕಾಲದಲ್ಲಿ ರೈತನು ಬೀಜದ ಕಬ್ಬನ್ನು ಕಡಿದು, ಎರಡು ಮೂರು ಕಣ್ಣುಗಳುಳ್ಳ ತುಂಡುಗಳನ್ನು ಮಾಡಿ, ಕಣ್ಣು ಪಕ್ಕಕ್ಕೆ ಬರುವಂತೆ ಸಾಲಿನಲ್ಲಿ ಮಲಗಿಸಿ ಮಣ್ಣು ಮುಚ್ಚುತ್ತಾನೆ. ಆ ಕಣ್ಣೊಡೆದು ಮೇಲೆ ಬರುವುದು ತಾಯಿಗಿಡದ ಸಂತಾನವಲ್ಲ. ವಂಶವಾಹಿಗಳನ್ನು ಹೊತ್ತ ವರ್ಣತಂತುಗಳ ಲೆಕ್ಕದಲ್ಲಿ ಅದು ತಾಯಿಗಿಡವೇ ಸರಿ. ಕಟಾವಾದ ಬುಡದಿಂದ ಚಿಗುರುವ ಕುಳೆಯೂ ಅದೇ. ಕೋ 62198 ಮತ್ತು ಕೋಸಿ 671 ಎಂಬೆರಡು ತಳಿಗಳ ಸಂಯೋಗದಿಂದ ಜನಿಸಿದ ಒಂದೇ ಒಂದು ಸಸಿಯು, ತುಂಡಿನಿಂದ ತುಂಡಿಗೆ, ಹೊಲದಿಂದ ಹೊಲಕ್ಕೆ ಸಂಕ್ರಮಿಸುತ್ತ, ಕೋ 86032 ಎಂಬ ಹೆಸರಿನಿಂದ ದಕ್ಷಿಣಾಪಥದ ಲಕ್ಷಾಂತರ ಎಕರೆಗಳನ್ನು ವ್ಯಾಪಿಸಿಕೊಂಡಿದೆ. ಈ ತಾಲ್ಲೂಕುಗಳಲ್ಲಿ ನೆರೆಹೊರೆಯ ಇಬ್ಬರು ರೈತರು ಆ ತಳಿಯನ್ನು ಬೆಳೆದಿದ್ದರೆ, ಅವರಿಬ್ಬರೂ ಬೆಳೆದಿರುವುದು ಒಂದೇ ಗಿಡವನ್ನು ಎಂಬ ಈ ಸಂಗತಿಯನ್ನು ತಾವು ನೆನಪಿನಲ್ಲಿಡಬೇಕು. ಇದರ ಗುಣವೂ ಅಪಾಯವೂ ಮುಂದೆ ಕಾಣಬರುವುವು.

ಆ ಮೂಲ ಸಸಿಯ ಪೂರ್ವಜರನ್ನು ಅರಸುತ್ತ ಹೋದರೆ ನಾವು 1912ರ ಕೊಯಿಮತ್ತೂರಿಗೆ ತಲುಪುತ್ತೇವೆ. ಕಬ್ಬು ಸೂಲಂಗಿ ಬಿಟ್ಟು ಬೀಜಗಟ್ಟುವುದಕ್ಕೆ ಅನುಕೂಲವಾದ ಹವೆ ಅಲ್ಲಿದ್ದುದರಿಂದ ಸರ್ಕಾರವು ಅಲ್ಲಿ ಒಂದು ತಳಿಕೇಂದ್ರವನ್ನು ಸ್ಥಾಪಿಸಿ, ಬಾರ್ಬರ್ ಎಂಬ ಸಸ್ಯವಿಜ್ಞಾನಿಯನ್ನು ನಿಯಮಿಸಿತು; ಅವರ ಸಹಾಯಕರಾಗಿದ್ದು ಅನಂತರ ಆ ಕಾರ್ಯವನ್ನು ದಶಕಗಳ ಕಾಲ ಮುನ್ನಡೆಸಿದವರು ಟಿ. ಎಸ್. ವೆಂಕಟರಾಮನ್. ನ್ಯೂಗಿನಿಯ ಕಡೆ ಮೊದಲು ಸಾಗುವಳಿಗೆ ಬಂದ ದಪ್ಪ ರಸಗಬ್ಬಿನ ಜಾತಿಗೆ ಮಾಧುರ್ಯವಿದ್ದಿತು, ಸಹನಶಕ್ತಿಯಿರಲಿಲ್ಲ. ನಮ್ಮ ನದಿ ಹಳ್ಳಗಳ ದಂಡೆಯಲ್ಲಿ ಯಾರ ಆರೈಕೆಯನ್ನೂ ಬೇಡದೆ ಬೆಳೆದು, ಶರತ್ಕಾಲದಲ್ಲಿ ಬೆಳ್ಳನೆಯ ಹೂ ತಳೆದು, ‘ಋತುಸಂಹಾರ’ದ ಶರದ್ವರ್ಣನೆಯಲ್ಲಿಯೂ ಸ್ಥಾನ ಪಡೆದಿರುವ ಕಾಶವೆಂಬ ಹುಲ್ಲಿಗೆ ಸಹನಶಕ್ತಿಯಿದ್ದಿತು, ಮಾಧುರ್ಯವಿರಲಿಲ್ಲ. ವೆಲ್ಲೈ ಎಂಬ ರಸಗಬ್ಬಿಗೆ ಈ ಕಾಶದ ಪರಾಗವನ್ನು ಸೇರಿಸಿ ಪಡೆದ ಸಂತತಿಯಿಂದ ಆರಿಸಿದ ಕೋ 205 ಎಂಬ ತಳಿಯು 1918ರಲ್ಲಿ ಉತ್ತರ ಹಿಂದೂಸ್ಥಾನದ ಹೊಲಗಳಿಗೆ ಬಂದಿತು. ಜನರು ಕಳೆಯೆಂದು ಕಿತ್ತೊಗೆಯುವ ಹುಲ್ಲನ್ನು ರಾಜಬೆಳೆಯೊಂದರ ಪಿತೃಸ್ಥಾನದಲ್ಲಿ ನಿಲ್ಲಿಸಿದ ಆ ಧೈರ್ಯವನ್ನು ನಾನು ಭಾರತೀಯ ಕೃಷಿವಿಜ್ಞಾನದ ಅತ್ಯುನ್ನತ ಸಾಹಸಗಳಲ್ಲೊಂದೆಂದು ಎಣಿಸುತ್ತೇನೆ.

ಈ ಸಂಕರದಲ್ಲಿ ಒಂದು ವಿಸ್ಮಯವು ಅಡಗಿದ್ದಿತು. ಸಾಮಾನ್ಯ ನಿಯಮದಂತೆ ತಾಯಿಯೂ ತಂದೆಯೂ ತಮ್ಮ ವರ್ಣತಂತುಗಳ ಅರ್ಧಭಾಗವನ್ನು ಮಾತ್ರ ಮಗುವಿಗೆ ಕೊಡತಕ್ಕವು. ರಸಗಬ್ಬಿನಲ್ಲಿರುವುದು 80, ಕೊಯಿಮತ್ತೂರಿನ ಕಾಶದಲ್ಲಿರುವುದು 64. ಆದ್ದರಿಂದ ಸಂತತಿಯಲ್ಲಿ 40 ಮತ್ತು 32 ಸೇರಿ 72 ಇರಬೇಕಾಗಿತ್ತು. ಎಣಿಸಿ ನೋಡಿದಾಗ ದೊರೆತದ್ದು 112. ತಂದೆಯು ಅರ್ಧವನ್ನೇ ಕೊಟ್ಟಿದ್ದರೂ ತಾಯಿಯು ತನ್ನ ಎಂಬತ್ತನ್ನೂ ಇಡಿಯಾಗಿ ಧಾರೆಯೆರೆದಿದ್ದಳು! ಜಾವಾದ್ವೀಪದಲ್ಲಿ ಸಂಶೋಧನೆ ನಡೆಸಿದ ಬ್ರೆಮರ್ 1920ರ ದಶಕದಲ್ಲಿ ಈ ನಡೆಯನ್ನು ವಿವರಿಸಿದರು. ಕಾಡುಹುಲ್ಲಿನೊಡನೆ ಕೂಡಿಯೂ ಕಬ್ಬು ತನ್ನ ಸಿಹಿಯನ್ನು ಬಲುಬೇಗ ಮರಳಿ ಪಡೆದುದರ ಕಾರಣ ಇದರಲ್ಲಿದೆ. 1934ರಿಂದ ಐದು ವರ್ಷ ಕೊಯಿಮತ್ತೂರಿನಲ್ಲಿದ್ದ ಇ. ಕೆ. ಜಾನಕಿ ಅಮ್ಮಾಳರು ಕಬ್ಬಿನ ಮತ್ತು ಅದರ ಬಂಧುಹುಲ್ಲುಗಳ ವರ್ಣತಂತುಗಳನ್ನು ಸೂಕ್ಷ್ಮದರ್ಶಕದಡಿ ಅಭ್ಯಸಿಸಿ ಈ ಕುಲಕಥೆಗೆ ಅಮೂಲ್ಯವಾದ ಅಧ್ಯಾಯಗಳನ್ನು ಸೇರಿಸಿದರು. ಕಿತ್ತೂರು ಕರ್ನಾಟಕದ ಹಿರಿಯರು ಇಂದಿಗೂ ನೆನೆಯುವ ಕೋ 419, ಜಾವಾದ ಪಿ.ಒ.ಜೆ. 2878 ಮತ್ತು ಕೊಯಿಮತ್ತೂರಿನ ಕೋ 290 ಎಂಬ ಎರಡು ಸಂಕರಗಳ ಸಂಕರ. ತಾಯಿತಂದೆ ಇಬ್ಬರ ಕಡೆಯಿಂದಲೂ ಕಾಡಿನ ರಕ್ತ ಅದರಲ್ಲಿ ಹರಿದಿದೆ.

ಸಂಕರವೆಂಬುದು ಕೇವಲ ಮನುಷ್ಯಹಸ್ತದ ಕೃತ್ಯವೆಂದು ಯಾರೂ ಭಾವಿಸದಿರಲೆಂದು ಹತ್ತಿಯನ್ನೊಮ್ಮೆ ಸ್ಮರಿಸುತ್ತೇನೆ. ಜಲಪಾತದ ಬಳಿಯ ಗಿರಣಿಯಿಂದ ಹೆಸರಾದ ಗೋಕಾಕಕ್ಕೆ ಅದು ಅಪರಿಚಿತವಲ್ಲ. ನಮ್ಮ ಪುರಾತನ ಜವಾರಿ ಹತ್ತಿಯಲ್ಲಿ 26 ವರ್ಣತಂತುಗಳು, ಅಮೇರಿಕಾ ಮೂಲದ ಹತ್ತಿಯಲ್ಲಿ 52. ಹತ್ತು ಲಕ್ಷ ವರ್ಷಗಳಿಗೂ ಹಿಂದೆ, ಹೊಲವೂ ಒಕ್ಕಲಿಗನೂ ಇಲ್ಲದಿದ್ದ ಕಾಲದಲ್ಲಿ, ಎರಡು ಭಿನ್ನ ಪ್ರಭೇದಗಳು ಬೆರೆತು, ಎರಡರ ವರ್ಣತಂತುಗಳೂ ಇಡಿಯಾಗಿ ಉಳಿದು, ಈ ಎರಡನೆಯ ಕುಲ ಉದ್ಭವಿಸಿತು. ಅದೇ ಕುಲದ ಎರಡು ಪ್ರಭೇದಗಳನ್ನು ಕೂಡಿಸಿ ಧಾರವಾಡದಲ್ಲಿ ಬಿ. ಎಚ್. ಕಟರ್ಕಿಯವರು 1972ರಲ್ಲಿ ವರಲಕ್ಷ್ಮಿ ಎಂಬ ಸಂಕರ ಹತ್ತಿಯನ್ನು ನಾಡಿಗಿತ್ತರು. ಪ್ರಕೃತಿಯು ನಡೆದ ಹಾದಿಯಲ್ಲಿಯೇ ಅವರೂ ನಡೆದರು.

ಇನ್ನು ಅನುಕ್ರಮದ ಓದಿಗೆ ಬರೋಣ. ಸ್ಯಾಂಗರ್ ಎಂಬ ವಿಜ್ಞಾನಿ 1977ರಲ್ಲಿ ಡಿ.ಎನ್.ಎ.ಯನ್ನು ಓದುವ ಕ್ರಮವನ್ನು ತೋರಿಸಿಕೊಟ್ಟ ಮೇಲೆ, ಮನುಷ್ಯನ ಡಿ.ಎನ್.ಎ.ಯ ಸುಮಾರು 300 ಕೋಟಿ ಘಟಕಗಳ ಓದು 2003ರಲ್ಲಿ ಬಹುಮಟ್ಟಿಗೆ ಪೂರ್ಣಗೊಂಡಿತು. ಕಬ್ಬು ಮಾತ್ರ ವಿದ್ವಾಂಸರನ್ನು ದೀರ್ಘಕಾಲ ಕಾಯಿಸಿತು. ಅದರ ಒಟ್ಟು ಘಟಕಗಳು ಸುಮಾರು 1000 ಕೋಟಿ. ಅದಕ್ಕಿಂತ ಕಠಿನವಾದುದೆಂದರೆ, ಒಂದೊಂದು ವರ್ಣತಂತುವಿಗೂ ಹತ್ತರಷ್ಟು ಪ್ರತಿರೂಪಗಳಿದ್ದು, ಅವು ಬಹುತೇಕ ಒಂದೇ ಆಗಿದ್ದರೂ ಪೂರ್ತಿ ಒಂದಲ್ಲ. ಒಂದೇ ಕಾವ್ಯವನ್ನು ಹತ್ತು ಮಂದಿ ಲಿಪಿಕಾರರು ಅಲ್ಪಸ್ವಲ್ಪ ಪಾಠಭೇದಗಳೊಡನೆ ನಕಲು ಮಾಡಿದ್ದು, ಆ ಹತ್ತೂ ಓಲೆಕಟ್ಟುಗಳು ಮುರಿದು ಒಂದೇ ರಾಶಿಯಾಗಿ ಬಿದ್ದರೆ, ಸಂಪಾದಕನ ಪಾಡು ಹೇಗಿರುವುದೋ ಹಾಗಿತ್ತು ಈ ಕೆಲಸ. 2018ರಲ್ಲಿ ಕಾಶದ ಅನುಕ್ರಮವೂ, 2024ರಲ್ಲಿ ರೆಯೂನಿಯನ್ ದ್ವೀಪದ ಆರ್ 570 ಎಂಬ ಸಾಗುವಳಿ ತಳಿಯ ವಿಸ್ತಾರವಾದ ಅನುಕ್ರಮವೂ ಪ್ರಕಟವಾದುವು. ಆಧುನಿಕ ಕಬ್ಬಿನ ಬಹುಪಾಲು ರಸಗಬ್ಬಿನದು, ನೂರಕ್ಕೆ ಹತ್ತರಿಂದ ಇಪ್ಪತ್ತರಷ್ಟು ಕಾಶದ್ದು ಎಂದು ವರ್ಣತಂತುಗಳ ಅಧ್ಯಯನವು ಮೊದಲೇ ಸೂಚಿಸಿತ್ತು. ಯಾವ ತುಣುಕು ಯಾವ ಕುಲದ್ದೆಂದು ಈಗ ಬೆರಳಿಟ್ಟು ತೋರಿಸಬಹುದಾಗಿದೆ. ಆರ್ 570ರ ತುಕ್ಕುರೋಗ ನಿರೋಧಕ್ಕೆ ಕಾರಣವೆನಿಸುವ, ಅಕ್ಕಪಕ್ಕದಲ್ಲಿಯೇ ಇರುವ ಎರಡು ವಂಶವಾಹಿಗಳ ಗುರುತು ದೊರೆತದ್ದು ಈ ಓದಿನ ಫಲ.

ಓದು ಬಂದಮಾತ್ರಕ್ಕೆ ಹೊಲದ ಪರೀಕ್ಷೆ ತಪ್ಪಿತೆಂದು ನಾನು ಹೇಳಲಾರೆ. ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರದಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವಿದೆ; ಎಸ್‌ಎನ್‌ಕೆ ಎಂಬ ಅಕ್ಷರಗಳನ್ನು ಹೊತ್ತ ತಳಿಗಳು ಅಲ್ಲಿಯವು. ಕಬ್ಬಿನ ಬೀಜವು ನವಿರಾದ ತುಪ್ಪಳದಲ್ಲಿ ಹುದುಗಿದ, ಕಣ್ಣಿಗೆ ಸುಲಭವಾಗಿ ಬೀಳದ ಕಣ; ಅದರಿಂದೆದ್ದ ಸಸಿಗಳಲ್ಲಿ ಒಂದೊಂದೂ ಬೇರೆ ಬೇರೆಯಾಗಿರುವುದರಿಂದ, ಸಾವಿರಗಟ್ಟಲೆ ಸಸಿಗಳನ್ನು ವರ್ಷವರ್ಷವೂ ಜರಡಿಯಾಡಿ, ಕುಳೆಯನ್ನೂ ನೋಡಿ, ರಸವನ್ನೂ ಅಳೆದು, ಒಂದು ತಳಿಯನ್ನು ರೈತನ ಕೈಗೆ ಕೊಡುವುದಕ್ಕೆ ಹತ್ತು ಹನ್ನೆರಡು ವರ್ಷಗಳಾದರೂ ಬೇಕು. ವಂಶವಾಹಿಯ ಗುರುತು ತಿಳಿದರೆ ಎಳೆಯ ಸಸಿಯ ಎಲೆಯಿಂದಲೇ ಕೆಲವು ಗುಣಗಳನ್ನು ಊಹಿಸಬಹುದು, ಕಾಲ ಉಳಿಯಬಹುದು. ಮಣ್ಣಿನ ಸಾಕ್ಷ್ಯವಂತೂ ಬೇಕೇ ಬೇಕು.

ಕಾಲ ಉಳಿಯುವುದು ಅಗತ್ಯವೂ ಹೌದು. ಉತ್ತರ ಪ್ರದೇಶದಲ್ಲಿ ಕೋ 0238 ಎಂಬ ಶ್ರೇಷ್ಠ ತಳಿಯು ಕಬ್ಬಿನ ಭೂಮಿಯ ಬಹುಪಾಲನ್ನು ಆಕ್ರಮಿಸಿದ ಮೇಲೆ, ಕೆಂಪುಕೊಳೆ ರೋಗವು ಅದನ್ನು ಹಿಡಿಯಿತು. ಎಲ್ಲೆಡೆಯೂ ಒಂದೇ ಗಿಡವಿದ್ದುದರಿಂದ ರೋಗಕ್ಕೆ ಎಲ್ಲಿಯೂ ತಡೆಯಿರಲಿಲ್ಲ. ನಮ್ಮಲ್ಲಿ ಘಟಪ್ರಭೆಯ ಕಾಲುವೆ ನೀರನ್ನು ಅತಿಯಾಗಿ ಹಾಯಿಸಿದ ಕಪ್ಪು ನೆಲವು ಅಲ್ಲಲ್ಲಿ ಸವಳಾಗಿರುವುದನ್ನು ಮೂಡಲಗಿಯ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ. ರೋಗಕ್ಕೂ ಸವಳಿಗೂ ಎದುರು ನಿಲ್ಲುವ ಗುಣಗಳನ್ನು ತಳಿವಿಜ್ಞಾನಿಗಳು ಇಂದಿಗೂ ಅರಸುವುದು ಕಾಶದಲ್ಲಿಯೇ. ಆ ಹುಲ್ಲಾದರೋ ಊರಿಂದೂರಿಗೆ ವರ್ಣತಂತುಗಳ ಸಂಖ್ಯೆಯಲ್ಲಿಯೇ ಭಿನ್ನವಾದುದು, 40ರಿಂದ 128ರವರೆಗೂ ಅದರಲ್ಲಿ ಎಣಿಸಿದ್ದಾರೆ. ಒಂದು ದಂಡೆಯ ಹುಲ್ಲು ನಾಶವಾದರೆ ಇನ್ನೊಂದು ದಂಡೆಯ ಹುಲ್ಲು ಅದರ ಸ್ಥಾನವನ್ನು ತುಂಬಲಾರದು.

ಆದ್ದರಿಂದ ನನ್ನದೊಂದು ಬಿನ್ನಹವಿದೆ. ಈ ದತ್ತಿಯ ಬಡ್ಡಿಯಲ್ಲಿ ಒಂದಂಶವನ್ನು ತೆಗೆದಿರಿಸಿ, ಅರಭಾವಿಯ ತೋಟಗಾರಿಕಾ ಮಹಾವಿದ್ಯಾಲಯದ ವಿದ್ಯಾರ್ಥಿಗಳಲ್ಲಿ ಆಸಕ್ತರಾದ ಒಬ್ಬಿಬ್ಬರಿಗೆ ಕೊಟ್ಟು, ಮಳೆಗಾಲ ಹಿಂಜರಿದು ಕಾಶ ಹೂಬಿಡುವ ಸಮಯದಲ್ಲಿ ಹಿಡಕಲ್ ಜಲಾಶಯದ ಅಂಚಿನಿಂದ ಧೂಪದಾಳದವರೆಗೆ ಘಟಪ್ರಭೆಯ ದಂಡೆಯನ್ನೂ, ಸಂಕೇಶ್ವರದ ಬಳಿ ಹಿರಣ್ಯಕೇಶಿಯ ದಂಡೆಯನ್ನೂ ನಡೆದು ನೋಡಿ, ಹುಲ್ಲು ಕಂಡ ಸ್ಥಳವನ್ನೂ ನೆಲದ ಗುಣವನ್ನೂ ಬರೆದುಕೊಂಡು, ಬೇರುಸಹಿತವಾದ ಮಾದರಿಗಳನ್ನು ಸಂಕೇಶ್ವರದ ಕೇಂದ್ರಕ್ಕೆ ಒಪ್ಪಿಸುವಂತೆ ಏರ್ಪಡಿಸಬಹುದು. ಸವಳು ನೆಲದ ಬದುವಿನಲ್ಲಿ ಹಸಿರಾಗಿ ನಿಂತ ಹುಲ್ಲಿನ ಮಾದರಿಯನ್ನು ಅವರು ಮೊದಲು ತರಲಿ.